ಇಂಗ್ಲಿಷ್ ಮತ್ತು ಎಡಗೈ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುವವಳು, ಬರೆಯುವುದು ಎಡಗೈಯಲ್ಲಿ. ಹಾಗಾಗಿ ಇಂಗ್ಲಿಷ್ ಬಗ್ಗೆ ಕೇಳಲು ಬಂದವರು ಎಡಗೈ ಬಗ್ಗೆಯೂ ಕೇಳುತ್ತಾರೆ. ಎಡಗೈ ಬಗ್ಗೆ ಕೇಳಲು ಬಂದವರು ಮಾತು ಮುಗಿಸುವಷ್ಟರಲ್ಲಿ ಇಂಗ್ಲಿಷ್‌ಗೆ ಬಂದಿರುತ್ತಾರೆ. ತರಗತಿಯಲ್ಲಿ, ಪೋಷಕರ ಸಭೆಯಲ್ಲಿ, ಕಾಗದಗಳಲ್ಲಿ, ಹೊರದೇಶದಲ್ಲಿರುವ ಹಳೇ ವಿದ್ಯಾರ್ಥಿಗಳ ಮೆಸೇಜುಗಳಲ್ಲಿ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಡಗೈಯಲ್ಲಿ ಬರೆಯುವ ಮಗು ಇಂಗ್ಲಿಷ್ ಡಿಕ್ಷನರಿ ತೆರೆದರೆ ತನ್ನ ಕೈಯ ಬಗ್ಗೆ ಒಳ್ಳೆಯ ಮಾತು ಸಿಗುವುದು ಕಡಿಮೆ. ಆ ಮಾತುಗಳು ಎಲ್ಲಿಂದ ಬಂದವು ಅಂತ ಮಗುವಿಗೆ ಯಾರಾದರೂ ಹೇಳಬೇಕು. ಅದಕ್ಕೇ ಇಷ್ಟು ಉದ್ದ ಬರೆದಿದ್ದೇನೆ.

### ಶುರುವಿಗೆ ಕೇಳುವವು

ಮೇಡಂ, ಲೆಫ್ಟ್ ಹ್ಯಾಂಡೆಡ್ ಅನ್ನಬೇಕಾ, ಲೆಫ್ಟ್ ಹ್ಯಾಂಡರ್ ಅನ್ನಬೇಕಾ, ಲೆಫ್ಟಿ ಅನ್ನಬೇಕಾ?

ಎಡಗೈಯವರು ಅಂತ ಹೇಳಲು 'ಲೆಫ್ಟ್ ಹ್ಯಾಂಡೆಡ್' ಎಲ್ಲ ಕಡೆಯೂ ನಡೆಯುತ್ತದೆ. 'ಶೀ ಈಸ್ ಲೆಫ್ಟ್ ಹ್ಯಾಂಡೆಡ್' ಅಂದರೆ ಸಾಕು. 'ಲೆಫ್ಟ್ ಹ್ಯಾಂಡರ್' ನಾಮಪದ, ಅದರಲ್ಲೂ ತಪ್ಪಿಲ್ಲ. 'ಲೆಫ್ಟಿ' ವಿಷಯದಲ್ಲಿ ಮಾತ್ರ ಸ್ವಲ್ಪ ನೋಡಿಕೊಳ್ಳಿ. ಅಮೆರಿಕದಲ್ಲಿ ಅದು ಎಡಗೈಯವರನ್ನು ಸಲಿಗೆಯಿಂದ ಕರೆಯುವ ಮಾತು. ಇಂಗ್ಲೆಂಡಿನಲ್ಲಿ ಅದೇ ಮಾತಿಗೆ ಎಡಪಂಥೀಯರು ಅನ್ನುವ ಅರ್ಥವೇ ಜಾಸ್ತಿ, ಅದೂ ತುಸು ಹಗುರವಾಗಿ.

ಲೆಫ್ಟ್ ಅಂದ್ರೆ ಎಡ. ಲೆಫ್ಟ್ ಅಂದ್ರೆ ಬಿಟ್ಟು ಹೋದ, ಉಳಿದ ಅಂತಲೂ ಇದೆ. ಎಲ್ಲರೂ ಬಿಟ್ಟು ಉಳಿದ ಕೈ ಅಂತ ಈ ಹೆಸರು ಬಂತಾ?

ಇಲ್ಲ. ಎರಡೂ ಬೇರೆ ಬೇರೆ ಮಾತುಗಳು. ಉಚ್ಚಾರಣೆ ಸವೆದು ಸವೆದು ಇವತ್ತು ಒಂದೇ ಥರ ಕೇಳಿಸುತ್ತವೆ, ಅಷ್ಟೇ. ಎಡ ಅನ್ನುವ ಅರ್ಥದ 'ಲೆಫ್ಟ್' ಹಳೆಯ ಇಂಗ್ಲಿಷಿನ 'ಲಿಫ್ಟ್' ಎಂಬ ಮಾತಿನಿಂದ ಬಂತು. ಅದರ ಅರ್ಥ ದುರ್ಬಲ, ಕೆಲಸಕ್ಕೆ ಬಾರದ್ದು. ಲಕ್ವ ಹೊಡೆಯುವ ಕಾಯಿಲೆಗೂ ಆಗ 'ಲಿಫ್ಟ್' ಸೇರಿಸಿಯೇ ಹೆಸರಿಟ್ಟಿದ್ದರು. ಇಂಗ್ಲೆಂಡಿನ ಕೆಂಟ್ ಸೀಮೆಯವರ ಬಾಯಲ್ಲಿ ಅದು 'ಲೆಫ್ಟ್' ಆಗಿತ್ತು, ಕೊನೆಗೆ ಆ ರೂಪವೇ ನಿಂತಿತು. 'ಬಿಟ್ಟ' ಅನ್ನುವ ಲೆಫ್ಟ್ ಬಂದದ್ದು 'ಲೀವ್' ಕ್ರಿಯಾಪದದಿಂದ.

ನನ್ನ ಮಗಳು ಎಡಗೈಲಿ ಬರೀತಾಳೆ. ಇಂಗ್ಲಿಷ್‌ನಲ್ಲಿ ಬಲಗೈಗೆ ರೈಟ್ ಅಂತಾರೆ, ಅಂದ್ರೆ ಸರಿಯಾದದ್ದು. ಹಾಗಾದ್ರೆ ಎಡಗೈ ತಪ್ಪು ಕೈ ಅಂತಾನೇ ಅಲ್ವಾ?

ಹಳಬರು ಹಾಗೆ ಅಂದುಕೊಂಡೇ ಹೆಸರಿಟ್ಟರು, ನಿಜ. 'ರೈಟ್' ಎಂಬುದರ ಹಳೆಯ ಅರ್ಥ ನೇರವಾದದ್ದು, ನ್ಯಾಯವಾದದ್ದು. ಅದಕ್ಕೂ ಮುಂಚೆ ಇಂಗ್ಲಿಷಿನಲ್ಲಿ ಬಲಗೈಯನ್ನು 'ಹೆಚ್ಚು ಶಕ್ತಿಯ ಕೈ' ಎಂಬ ಅರ್ಥದ ಬೇರೊಂದು ಮಾತಿನಿಂದ ಕರೆಯುತ್ತಿದ್ದರು. ನಮ್ಮ ಕನ್ನಡದಲ್ಲೂ ಬಲ ಅಂದರೆ ಶಕ್ತಿಯೇ, ನೋಡಿ. ಹತ್ತರಲ್ಲಿ ಒಂಬತ್ತು ಜನ ಬಲಗೈಯಲ್ಲೇ ಕತ್ತಿ, ನೇಗಿಲು, ಲೇಖನಿ ಹಿಡಿಯುತ್ತಿದ್ದ ಲೋಕದಲ್ಲಿ ಹೀಗೆ ಹೆಸರು ಬಿದ್ದದ್ದು ಅಚ್ಚರಿಯಲ್ಲ.

ಎಡಗೈಯವರು ಎಷ್ಟು ಜನ ಅಂತ ಲೆಕ್ಕ ಹಾಕಿದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು 2020ರಲ್ಲಿ ಒಂದು ವಿಶ್ಲೇಷಣೆ ಬಂತು. 20 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಅದರಲ್ಲಿತ್ತು. ಸುಮಾರು ನೂರಕ್ಕೆ 10.6 ಜನ ಎಡಗೈಯವರು ಅಂತ ಕಂಡುಬಂತು. ಅಂದರೆ ಐವತ್ತು ಮಕ್ಕಳ ತರಗತಿಯಲ್ಲಿ ಐದಾರು ಮಕ್ಕಳು. ನಿಮ್ಮ ಮಗಳಿಗೆ ಹೇಳಬೇಕಾದ್ದು ಇಷ್ಟೇ: ಇದು ಹುಟ್ಟಿನಿಂದ ಬಂದದ್ದು, ಅವಳ ಹಾಗೆ ಬೇಕಾದಷ್ಟು ಜನ ಇದ್ದಾರೆ. ದಯವಿಟ್ಟು ಕೈ ಬದಲಿಸಲು ಹೋಗಬೇಡಿ.

ಇಂಗ್ಲಿಷ್ ಕರ್ಸಿವ್ ಬರೆಯುವಾಗ ಮಗನ ಅಂಗೈ ಪಕ್ಕ ಎಲ್ಲಾ ಇಂಕು. ಟೀಚರ್ ಗಲೀಜು ಅಂತ ಬೈತಾರೆ. ಏನು ಮಾಡೋದು?

ನನ್ನ ಕಿರುಬೆರಳಿನ ಕೆಳಗೂ ಆ ನೀಲಿ ಪಟ್ಟೆ ಇರುತ್ತಿತ್ತು. ಕಾರಣ ಸುಲಭ. ಬರವಣಿಗೆ ಎಡದಿಂದ ಬಲಕ್ಕೆ ಹೋಗುತ್ತದೆ. ಬಲಗೈಯವರ ಕೈ ಬರೆದದ್ದರಿಂದ ದೂರ ಸರಿಯುತ್ತದೆ, ಎಡಗೈಯವರ ಕೈ ಈಗಷ್ಟೇ ಬರೆದ ಹಸಿ ಅಕ್ಷರದ ಮೇಲೇ ಹಾದುಹೋಗುತ್ತದೆ. ಕನ್ನಡ ಬರೆಯುವಾಗಲೂ ಇದೇ ಕತೆ. ಕರ್ಸಿವ್‌ನಲ್ಲಿ ಇನ್ನೊಂದು ತೊಂದರೆ ಇದೆ. ಆ ಅಕ್ಷರಗಳ ಓರೆ, ಕೊಂಡಿ ಎಲ್ಲ ಬಲಗೈ ಪೆನ್ನನ್ನು ಎಳೆಯುತ್ತದೆ ಅಂತಲೇ ರೂಪಿಸಿದ್ದು. ಎಡಗೈಯವರು ಪೆನ್ನನ್ನು ತಳ್ಳುತ್ತಾರೆ. ಅದಕ್ಕೇ ನಿಬ್ ಕಾಗದಕ್ಕೆ ಕಚ್ಚುತ್ತದೆ.

ಹಾಳೆಯ ಮೇಲಿನ ಎಡ ಮೂಲೆ ಎತ್ತರಕ್ಕೆ ಬರುವ ಹಾಗೆ ಪುಸ್ತಕವನ್ನು ಬಲಕ್ಕೆ ಓರೆ ಮಾಡಿಸಿ. ಪುಸ್ತಕ ಎದೆಯ ನೇರಕ್ಕಿಂತ ಸ್ವಲ್ಪ ಎಡಕ್ಕಿರಲಿ. ಪೆನ್ನನ್ನು ತುದಿಯಿಂದ ಒಂದಿಂಚು ಮೇಲೆ ಹಿಡಿಯಲಿ, ಆಗ ಬರೆದದ್ದು ಕಾಣುತ್ತದೆ. ಮಣಿಕಟ್ಟು ಸಾಲಿನ ಕೆಳಗಿರಲಿ, ಮೇಲಿಂದ ಕೊಕ್ಕೆ ಹಾಕಿ ಬರೆಯುವ ಅಭ್ಯಾಸ ಬೇಡ. ಬೇಗ ಒಣಗುವ ಬಾಲ್ ಪೆನ್ ಕೊಡಿಸಿ. ಬೆಂಚಿನಲ್ಲಿ ಎಡತುದಿಗೆ ಕೂರಿಸಲು ಟೀಚರ್‌ಗೆ ಒಂದು ಮಾತು ಹೇಳಿ, ಮೊಣಕೈ ಜಗಳ ತಪ್ಪುತ್ತದೆ. ಮುಂದೆ ಪರೀಕ್ಷೆಗಳಲ್ಲಿ ಬಲಬದಿಗೆ ಹಲಗೆ ಇರುವ ಕುರ್ಚಿ ಸಿಕ್ಕರೆ ಮುಂಚೆಯೇ ಮೇಲ್ವಿಚಾರಕರನ್ನು ಕೇಳಿ ಬೇರೆ ಮೇಜು ಪಡೆಯುವುದನ್ನೂ ಕಲಿಸಿ. ಕೇಳುವುದರಲ್ಲಿ ನಾಚಿಕೆ ಇಲ್ಲ.

ಕೆಲಸಕ್ಕೆ ಅಂತ ಅಮೆರಿಕಕ್ಕೆ ಬಂದಿದ್ದೀನಿ. ಇಲ್ಲಿ ಎಡಗೈಲಿ ದುಡ್ಡು ಕೊಟ್ಟರೆ ತಪ್ಪು ತಿಳ್ಕೊಳ್ತಾರಾ?

ಇಲ್ಲ. ನಮ್ಮಲ್ಲಿ ಎಡಗೈಯಲ್ಲಿ ಪ್ರಸಾದ ತಗೊಂಡರೆ, ದುಡ್ಡು ಕೊಟ್ಟರೆ ಹಿರಿಯರು ಮುಖ ಸಿಂಡರಿಸುತ್ತಾರೆ. ಅಲ್ಲಿ ಯಾರೂ ಗಮನಿಸುವುದೂ ಇಲ್ಲ. ಕೈ ಕುಲುಕುವಾಗ ಮಾತ್ರ ಎಡಗೈಯವರೂ ಬಲಗೈಯನ್ನೇ ಚಾಚುತ್ತಾರೆ. ಇದಕ್ಕೆ ಒಂದು ಒಳ್ಳೆಯ ಅಪವಾದ ಇದೆ. ಸ್ಕೌಟ್ ಮತ್ತು ಗೈಡ್ ಮಕ್ಕಳು ಜಗತ್ತಿನಾದ್ಯಂತ ಎಡಗೈಯಲ್ಲೇ ಕೈ ಕುಲುಕುತ್ತಾರೆ. ನಮ್ಮ ಶಾಲೆಗಳ ಸ್ಕೌಟ್ ದಳಗಳಲ್ಲೂ ಅದೇ ಪದ್ಧತಿ. ಎಡಗೈ ಹೃದಯಕ್ಕೆ ಹತ್ತಿರ ಅನ್ನುವ ವಿವರಣೆಯನ್ನು ಮಕ್ಕಳಿಗೆ ಹೇಳಿಕೊಡುತ್ತಾರೆ.

### ಬೈಗುಳವಾದ ಮಾತುಗಳು

ಸಿನಿಸ್ಟರ್ ಅಂದ್ರೆ ಕೇಡು ಬಗೆಯುವಂಥದ್ದು ಅಂತ ಓದಿದ್ದೆ. ಅದರ ಮೂಲ ಅರ್ಥ ಎಡ ಅಂತಾರಲ್ಲ, ನಿಜನಾ?

ನಿಜ. ಲ್ಯಾಟಿನ್ ಭಾಷೆಯಲ್ಲಿ 'ಸಿನಿಸ್ಟರ್' ಅಂದರೆ ಎಡ. ಆದರೆ ಮೊದಲಿಗೆ ಅದು ಕೆಟ್ಟ ಮಾತಾಗಿರಲಿಲ್ಲ, ಈ ಭಾಗವನ್ನು ಯಾರೂ ಹೇಳುವುದಿಲ್ಲ.

ರೋಮನ್ನರು ಹಕ್ಕಿ ಹಾರುವುದನ್ನು, ಗುಡುಗು ಮಿಂಚನ್ನು ನೋಡಿ ಶಕುನ ಹೇಳುತ್ತಿದ್ದರು. ಶಕುನ ನೋಡುವವರು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು. ಆಗ ಅವರ ಎಡಕ್ಕೆ ಬರುವುದು ಪೂರ್ವ, ಸೂರ್ಯ ಹುಟ್ಟುವ ದಿಕ್ಕು. ಹಾಗಾಗಿ ಎಡಗಡೆ ಕಂಡ ಮಿಂಚು ಒಳ್ಳೆಯ ಶಕುನ. ಗ್ರೀಕರದ್ದು ತಿರುಗಾಮುರುಗಾ. ಅವರು ಉತ್ತರಕ್ಕೆ ಮುಖ ಮಾಡುತ್ತಿದ್ದರು. ಅವರ ಎಡಕ್ಕೆ ಬಂದದ್ದು ಪಶ್ಚಿಮ, ಕತ್ತಲಾಗುವ ದಿಕ್ಕು. ಎಡ ಅವರಿಗೆ ಅಪಶಕುನ. ಮುಂದೆ ರೋಮಿನಲ್ಲೂ ಗ್ರೀಕರ ನಂಬಿಕೆಯದ್ದೇ ಮೇಲುಗೈ ಆಯಿತು. 'ಸಿನಿಸ್ಟರ್' ಎಂಬ ಮಾತಿಗೆ ಅಪಶಕುನದ ಅರ್ಥ ಅಂಟಿಕೊಂಡು, ಫ್ರೆಂಚ್ ದಾರಿಯಲ್ಲಿ ಇಂಗ್ಲಿಷ್‌ಗೆ ಬಂತು. ನಮ್ಮಲ್ಲೂ ಎಡಗಣ್ಣು ಅದುರಿದರೆ ಹೆಂಗಸರಿಗೆ ಒಳ್ಳೆಯದು, ಗಂಡಸರಿಗೆ ಕೆಟ್ಟದ್ದು ಅಂತಾರೆ. ಕಣ್ಣು ಅದೇ, ಯಾರದ್ದು ಅನ್ನುವುದರ ಮೇಲೆ ಫಲ. ಶಕುನದ ಲೆಕ್ಕವೇ ಹಾಗೆ. ನಿಂತವರು ಯಾವ ಕಡೆ ತಿರುಗಿದ್ದರು ಅನ್ನುವುದರ ಮೇಲೆ ಒಂದು ಕೈಯ ಮಾನ ಹೋಗಿದೆ ಅಂತ ತಿಳಿದಾಗ ನನಗಂತೂ ತುಂಬಾ ಬೇಜಾರಾಗಿತ್ತು.

ಒಂದು ಕಡೆ ಮಾತ್ರ 'ಸಿನಿಸ್ಟರ್' ಇವತ್ತಿಗೂ ಬರೀ ಎಡ. ಯುರೋಪಿನ ಮನೆತನಗಳ ಗುರಾಣಿ ಲಾಂಛನಗಳನ್ನು ವಿವರಿಸುವಾಗ ಗುರಾಣಿ ಹಿಡಿದವರ ಎಡಬದಿಯನ್ನು ಹಾಗೆ ಕರೆಯುತ್ತಾರೆ. ಎದುರು ನಿಂತು ನೋಡುವ ನಮಗೆ ಅದು ಬಲಬದಿ. ಗೊಂದಲ ಬೇಡ.

ಡೆಕ್ಸ್‌ಟರಸ್, ಆಂಬಿಡೆಕ್ಸ್‌ಟ್ರಸ್, ಅಡ್ರಾಯ್ಟ್, ಗೋಶ್. ಇವೆಲ್ಲ ಒಂದೇ ಗುಂಪಿನವಾ? ನೆನಪಿಟ್ಟುಕೊಳ್ಳೋದು ಹೇಗೆ?

ಒಂದೇ ಗುಂಪಿನವೇ, ಆದರೆ ಎರಡು ಮನೆಯಿಂದ ಬಂದವು. ಲ್ಯಾಟಿನ್‌ನಲ್ಲಿ 'ಡೆಕ್ಸ್‌ಟರ್' ಅಂದರೆ ಬಲ. ಅದರಿಂದ 'ಡೆಕ್ಸ್‌ಟರಸ್', ಕೈಚಳಕ ಇರುವವರು. 'ಆಂಬಿ' ಅಂದರೆ ಎರಡೂ. ಹಾಗಾಗಿ ಎರಡೂ ಕೈಯಲ್ಲಿ ಬರೆಯಬಲ್ಲವರನ್ನು 'ಆಂಬಿಡೆಕ್ಸ್‌ಟ್ರಸ್' ಅಂದಾಗ, ಅಕ್ಷರಶಃ ಹೇಳುತ್ತಿರುವುದು 'ಇವರಿಗೆ ಎರಡೂ ಬಲಗೈ' ಅಂತ! ಅವರ ಎಡಗೈ ಚೆನ್ನಾಗಿದೆ ಅಂತ ಒಪ್ಪಿಕೊಳ್ಳಲೂ ಅದನ್ನು ಬಲಗೈ ಮಾಡಬೇಕಾಯಿತು. 'ಆಂಬಿಸಿನಿಸ್ಟರ್' ಅಂತಲೂ ಒಂದು ಅಪರೂಪದ ಮಾತಿದೆ. ಎರಡೂ ಎಡಗೈ, ಅಂದರೆ ಯಾವ ಕೈಯಲ್ಲೂ ಕೆಲಸ ನೆಟ್ಟಗಾಗದವರು.

ಫ್ರೆಂಚ್‌ನಲ್ಲಿ ಬಲಕ್ಕೆ 'ದ್ರ್ವಾ', ಅದರಿಂದ ಚತುರ ಅನ್ನುವ ಅರ್ಥದ 'ಅಡ್ರಾಯ್ಟ್'. ಎಡಕ್ಕೆ 'ಗೋಶ್', ಇಂಗ್ಲಿಷಿನಲ್ಲಿ ಅದು ನಾಲ್ಕು ಜನರ ನಡುವೆ ಹೇಗೆ ನಡೆದುಕೊಳ್ಳಬೇಕು ಅಂತ ಗೊತ್ತಿಲ್ಲದವರಿಗೆ ಹೇಳುವ ಮಾತು.

ನೆನಪಿಗೆ ಒಂದು ದಾರಿ ನಮ್ಮಲ್ಲೇ ಇದೆ. ಸಂಸ್ಕೃತದ 'ದಕ್ಷಿಣ' ಮತ್ತು ಲ್ಯಾಟಿನ್‌ನ 'ಡೆಕ್ಸ್‌ಟರ್' ಒಂದೇ ಬೇರಿನಿಂದ ಬಂದ ಅಕ್ಕತಂಗಿಯರು. ದಕ್ಷಿಣ ಅಂದರೆ ಬಲ, ಸಮರ್ಥ ಅಂತಲೂ ಅರ್ಥ. ಪೂರ್ವಕ್ಕೆ ಮುಖ ಮಾಡಿ ನಿಂತರೆ ಬಲಗೈ ಕಡೆ ಬರುವ ದಿಕ್ಕೇ ದಕ್ಷಿಣ. ಅದೇ ಮಾತು ಸವೆದು ದಖ್ಖನ್, ಇಂಗ್ಲಿಷಿನಲ್ಲಿ 'ಡೆಕ್ಕನ್' ಆಯಿತು. ಬೆಳಗಾವಿ, ವಿಜಯಪುರ, ಕಲಬುರಗಿಯವರು ವಾಸವಿರುವುದು ಬಲಗೈ ನಾಡಿನಲ್ಲಿ!

ಸಹೋದ್ಯೋಗಿ ಒಬ್ಬರು "ಬಾಸ್ ಕೊಟ್ಟಿದ್ದು ಲೆಫ್ಟ್ ಹ್ಯಾಂಡೆಡ್ ಕಾಂಪ್ಲಿಮೆಂಟ್" ಅಂದ್ರು. ನಾನು ಖುಷಿ ಪಡಬೇಕಾ ಬೇಡ್ವಾ?

ಬಾಸ್ ಏನಂದರು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. "ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆ, ಕನ್ನಡ ಮೀಡಿಯಂನಲ್ಲಿ ಓದಿದವರು ಅಂತ ಗೊತ್ತೇ ಆಗಲ್ಲ" ಅನ್ನುವ ಥರದ ಮಾತೇ ಲೆಫ್ಟ್ ಹ್ಯಾಂಡೆಡ್ ಕಾಂಪ್ಲಿಮೆಂಟ್. ಹೊಗಳಿಕೆಯ ಹೊಟ್ಟೆಯೊಳಗೆ ಒಂದು ಕುಟುಕು ಇರುತ್ತದೆ. ಹೇಳುವವರು ಬೇಕಂತಲೇ ಹೇಳಿರಬಹುದು, ಗೊತ್ತಿಲ್ಲದೆಯೂ ಹೇಳಿರಬಹುದು. ಈಗಿನವರು ಇದನ್ನೇ 'ಬ್ಯಾಕ್‌ಹ್ಯಾಂಡೆಡ್ ಕಾಂಪ್ಲಿಮೆಂಟ್' ಅನ್ನುವುದು ಜಾಸ್ತಿ. ನಾನು ಪಾಠ ಹೇಳುವಾಗಲೂ ಎರಡನೆಯದನ್ನೇ ಕಲಿಸುತ್ತೇನೆ. ಅರ್ಥ ಅದೇ, ಯಾವ ಮಗುವಿನ ಕೈಯನ್ನೂ ಎಳೆದು ತರುವುದಿಲ್ಲ.

"ಅದು ನನಗೆ ಎಡಗೈ ಕೆಲಸ" ಅನ್ನೋದನ್ನ ಇಂಗ್ಲಿಷ್‌ನಲ್ಲಿ ಹಾಗೇ ಹೇಳಬಹುದಾ?

ಬೇಡವೇ ಬೇಡ. ಇಂಟರ್‌ವ್ಯೂನಲ್ಲಿ ಹೇಳಿದರೆ ಕೆಲಸವೇ ಕೈತಪ್ಪಬಹುದು. ನಮ್ಮಲ್ಲಿ ಎಡಗೈ ಕೆಲಸ ಅಂದರೆ ಬಲಗೈ ಬೇಕೇ ಆಗದಷ್ಟು ಸಲೀಸು. ಇಂಗ್ಲಿಷಿನಲ್ಲಿ ಯಾವುದನ್ನಾದರೂ ಎಡಗೈಯಲ್ಲಿ ಮಾಡಿದ್ದು ಅಂದರೆ ಒರಟೊರಟಾಗಿ, ಅಡ್ಡಾದಿಡ್ಡಿಯಾಗಿ ಮಾಡಿದ್ದು ಅಂತ ಅರ್ಥವಾಗುತ್ತದೆ. ನಮ್ಮ ಮಾತಿಗೆ ಹತ್ತಿರದ್ದು ಬೇಕಾದರೆ 'ಐ ಕ್ಯಾನ್ ಡೂ ಇಟ್ ವಿತ್ ಒನ್ ಹ್ಯಾಂಡ್ ಟೈಡ್ ಬಿಹೈಂಡ್ ಮೈ ಬ್ಯಾಕ್' ಅನ್ನಿ. ಒಂದು ಕೈ ಬೆನ್ನ ಹಿಂದೆ ಕಟ್ಟಿದರೂ ಮಾಡಿ ಮುಗಿಸುತ್ತೇನೆ ಅಂತ. ಯಾವ ಕೈ ಅಂತ ಅವರು ಹೇಳುವುದಿಲ್ಲ.

ಡಾನ್ಸ್ ಕ್ಲಾಸಲ್ಲಿ "ಟೂ ಲೆಫ್ಟ್ ಫೀಟ್" ಅಂದ್ರು. ಕೈ ಬಿಟ್ಟು ಕಾಲಿಗೂ ಬಂತಾ?

ಬಂತು. ಹೆಜ್ಜೆ ಸರಿಯಾಗಿ ಹಾಕಲು ಬಾರದವರಿಗೆ ಹಾಗೆ ಹೇಳುತ್ತಾರೆ. ಕೆಲಸ ಚೆನ್ನಾಗಿ ಶುರುವಾದರೆ 'ಸ್ಟಾರ್ಟ್ ಆನ್ ದಿ ರೈಟ್ ಫುಟ್' ಅನ್ನುತ್ತಾರೆ. ಮದುಮಗಳಿಗೆ ಬಲಗಾಲಿಟ್ಟು ಒಳಗೆ ಬಾ ಅನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಗ್ಲೆಂಡಿನಲ್ಲಿ ಓದುತ್ತಿದ್ದೇನೆ. ಹಾಸ್ಟೆಲಿನಲ್ಲಿ ನನ್ನನ್ನ ಒಬ್ಬ "ಕ್ಯಾಕ್ ಹ್ಯಾಂಡೆಡ್" ಅಂದ, ಇನ್ನೊಬ್ಬ "ಕೋರಿ ಫಿಸ್ಟೆಡ್" ಅಂದ. ಏನಿವು?

ಎರಡೂ ಊರಿನ ಮಾತುಗಳು. ಆ ದ್ವೀಪದಲ್ಲಿ ಒಂದೊಂದು ಸೀಮೆಗೂ ಎಡಗೈಯವರಿಗೆ ಒಂದೊಂದು ಹೆಸರು. 'ಕ್ಯಾಕ್ ಹ್ಯಾಂಡೆಡ್' ಇಂಗ್ಲೆಂಡಿನಲ್ಲಿ ವ್ಯಾಪಕ, ಕೈಲಾಗದವರು ಎಂಬ ಅರ್ಥವೂ ಅದಕ್ಕಿದೆ. 'ಕೋರಿ ಫಿಸ್ಟೆಡ್' ಸ್ಕಾಟ್ಲೆಂಡಿನದ್ದು. ಈಶಾನ್ಯ ಇಂಗ್ಲೆಂಡಿನಲ್ಲಿ 'ಕಡಿ ವಿಫ್ಟರ್' ಅಂತಾರೆ. ಐರ್ಲೆಂಡಿನಲ್ಲಿ 'ಕಿತೋಗ್', ಆಸ್ಟ್ರೇಲಿಯಾದಲ್ಲಿ 'ಮಾಲಿ ಡೂಕರ್'. ಲೀಡ್ಸ್ ವಿಶ್ವವಿದ್ಯಾಲಯದವರು 1950ರಿಂದ ಸುಮಾರು ಹತ್ತು ವರ್ಷ ಇಂಗ್ಲೆಂಡಿನ ಹಳ್ಳಿಹಳ್ಳಿ ತಿರುಗಿ ಆಡುಮಾತು ಸಂಗ್ರಹಿಸಿದಾಗ ಎಡಗೈಗೆ ಇಂಥ ಹತ್ತಾರು ಮಾತು ಸಿಕ್ಕಿದ್ದವು.

ಸ್ಕಾಟ್ಲೆಂಡಿನ ಗಡಿಸೀಮೆಯಲ್ಲಿ ಕೆರ್ ಅಂತ ಒಂದು ಯೋಧ ಮನೆತನವಿತ್ತು. ಅವರಲ್ಲಿ ಎಡಗೈ ಬಂಟರು ಜಾಸ್ತಿ, ಅದಕ್ಕೇ ತಮ್ಮ ಕೋಟೆಯ ಸುರುಳಿ ಮೆಟ್ಟಿಲನ್ನು ಉಲ್ಟಾ ತಿರುಗಿಸಿ ಕಟ್ಟಿಸಿದರು ಅಂತ ಅಲ್ಲಿನ ಜನ ಹೇಳುತ್ತಾರೆ. ಅದು ಐತಿಹ್ಯ. ಆದರೂ ನಿಮ್ಮ ಸ್ಕಾಟಿಷ್ ಗೆಳೆಯನನ್ನು ಕೇಳಿ ನೋಡಿ, ಖುಷಿಯಿಂದ ಹೇಳುತ್ತಾನೆ. ಆ ಕ್ಯಾಕ್ ಹ್ಯಾಂಡೆಡ್ ಅಂದವನಿಗೆ ಮಾತ್ರ ನಗುತ್ತಲೇ "ಲೆಫ್ಟ್ ಹ್ಯಾಂಡೆಡ್ ಅಂದ್ರೆ ಸಾಕು" ಅನ್ನಿ.

### ಆಟ, ರಾಜಕೀಯ, ಇತಿಹಾಸ

ಸೌತ್‌ಪಾ ಅಂದ್ರೆ ದಕ್ಷಿಣದ ಪಂಜ. ಎಡಗೈಗೂ ದಕ್ಷಿಣಕ್ಕೂ ಏನು ಸಂಬಂಧ?

ಇದಕ್ಕೆ ಎಲ್ಲರೂ ಹೇಳುವ ಉತ್ತರ ಬೇಸ್‌ಬಾಲ್‌ನದ್ದು. ಮಧ್ಯಾಹ್ನದ ಬಿಸಿಲು ಬ್ಯಾಟ್ ಮಾಡುವವರ ಕಣ್ಣಿಗೆ ಹೊಡೆಯದಿರಲಿ ಅಂತ ಅವರನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಆಗ ಚೆಂಡು ಎಸೆಯುವವರ ಮುಖ ಪಶ್ಚಿಮಕ್ಕೆ, ಅವರ ಎಡಗೈ ದಕ್ಷಿಣಕ್ಕೆ. ಕತೆ ಚೆಂದ ಕೂರುತ್ತದೆ. ಆದರೆ ಬೇಸ್‌ಬಾಲ್ ಅಷ್ಟು ಬೆಳೆಯುವ ಮುಂಚೆಯೇ ಈ ಮಾತು ಚಾಲ್ತಿಯಲ್ಲಿತ್ತು. 1848ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಒಂದು ವ್ಯಂಗ್ಯಚಿತ್ರದಲ್ಲಿ ಎಡಗೈ ಗುದ್ದಿಗೆ 'ಸೌತ್ ಪಾ' ಅಂತ ಬರೆದಿದ್ದಾರೆ. ಹಾಗಾಗಿ ಮೈದಾನದ ದಿಕ್ಕು ಮಾತನ್ನು ಹುಟ್ಟಿಸಲಿಲ್ಲ, ಗಟ್ಟಿಮಾಡಿತು ಅಂತ ತಿಳಿಯಬಹುದು.

ಬಾಕ್ಸಿಂಗ್‌ನಲ್ಲಿ ಬಲಗೈ, ಬಲಗಾಲು ಮುಂದಿಟ್ಟು, ಎಡಗೈ ಗುದ್ದಿಗೆ ಕಾದು ನಿಲ್ಲುವ ಭಂಗಿ ಸೌತ್‌ಪಾ. ಮ್ಯಾನಿ ಪಾಕ್ವಿಯಾವ್ ಆಡಿದ್ದು ಹಾಗೆ. ಇಂಡಿಯಾದ ಇಂಗ್ಲಿಷ್ ಪತ್ರಿಕೆಗಳು ಎಡಗೈ ಬ್ಯಾಟರ್‌ಗಳಿಗೂ ಈ ಮಾತು ಬಳಸುತ್ತವೆ.

ಕ್ರಿಕೆಟ್‌ನಲ್ಲಿ ಬ್ಯಾಟಿಂಗ್‌ಗೆ ಲೆಫ್ಟ್ ಹ್ಯಾಂಡ್, ಬೌಲಿಂಗ್‌ಗೆ ಲೆಫ್ಟ್ ಆರ್ಮ್ ಯಾಕೆ? ಎಡಗೈಲಿ ಬ್ಯಾಟ್ ಮಾಡುವವರೆಲ್ಲ ಎಡಗೈಯವರಾ?

ಬೌಲಿಂಗ್‌ನಲ್ಲಿ ತೋಳು ಪೂರ್ತಿ ತಿರುಗುತ್ತದೆ, ಅದಕ್ಕೆ 'ಆರ್ಮ್' ರೂಢಿಯಾಗಿದೆ. ಬ್ಯಾಟ್‌ಗೆ ಎರಡೂ ಕೈ ಬೇಕು. ಅದಕ್ಕೇ ಅಲ್ಲಿ ಎಡಗೈ ಅನ್ನುವುದು ನಿಲ್ಲುವ ಬದಿಯ ಹೆಸರು, ಹುಟ್ಟಿನ ಕೈಯ ಹೆಸರಲ್ಲ. ಸೌರವ್ ಗಂಗೂಲಿ ಎಡಗೈ ಬ್ಯಾಟರ್, ಬೌಲಿಂಗ್ ಮಾಡಿದ್ದು ಬಲಗೈಯಲ್ಲಿ. ಸಚಿನ್ ತೆಂಡೂಲ್ಕರ್ ಬ್ಯಾಟ್, ಬೌಲ್ ಎರಡೂ ಬಲಗೈ, ಸಹಿ ಹಾಕುವುದು ಎಡಗೈಯಲ್ಲಿ! ಟೆನಿಸ್‌ನ ರಫೆಲ್ ನಡಾಲ್ ಆಡಿದ್ದು ಎಡಗೈ, ಬರೆಯುವುದು ಬಲಗೈ.

ಎಡಗೈ ಸ್ಪಿನ್ ಅಂದಾಗ ನನಗೆ ಮೊದಲು ನೆನಪಾಗುವುದು ಗದಗದ ಸುನಿಲ್ ಜೋಶಿ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಆ ಥರದ ಬೌಲಿಂಗ್‌ಗೆ 'ಲೆಫ್ಟ್ ಆರ್ಮ್ ಆರ್ಥಡಾಕ್ಸ್' ಅನ್ನುವ ಗೌರವದ ಹೆಸರಿದೆ. ಕುಲದೀಪ್ ಯಾದವ್ ಹಾಗೆ ಮಣಿಕಟ್ಟಿನಿಂದ ತಿರುಗಿಸುವವರಿಗೆ ಮೊದಲು 'ಚೈನಾಮನ್' ಅನ್ನುತ್ತಿದ್ದರು. ಚೀನಾ ಮೂಲದವರನ್ನು ಹೀಗಳೆಯುವ ಮಾತದು. ವಿಸ್ಡನ್ ವಾರ್ಷಿಕ 2018ರಲ್ಲಿ ಅದನ್ನು ಕೈಬಿಟ್ಟು 'ಲೆಫ್ಟ್ ಆರ್ಮ್ ರಿಸ್ಟ್ ಸ್ಪಿನ್' ಅಂತ ಬರೆಯಲು ಶುರು ಮಾಡಿತು. ಒಳ್ಳೆಯ ಕೆಲಸ ಮಾಡಿದರು.

ರಾಜಕೀಯದಲ್ಲಿ ಎಡಪಂಥ, ಬಲಪಂಥ ಅಂತಾರಲ್ಲ, ಅದೂ ಕೈಯಿಂದ ಬಂದದ್ದಾ?

ಅದು ಕುರ್ಚಿಯಿಂದ ಬಂದದ್ದು. 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನಿಗೆ ವೀಟೋ ಅಧಿಕಾರ ಇರಬೇಕಾ ಅಂತ ಚರ್ಚೆ ನಡೆದಾಗ, ರಾಜನ ಪರ ಇದ್ದವರು ಸಭಾಧ್ಯಕ್ಷರ ಬಲಕ್ಕೆ ಕೂತರು, ವಿರುದ್ಧ ಇದ್ದವರು ಎಡಕ್ಕೆ ಕೂತರು. ಆ ಕೂರುವ ಕ್ರಮವೇ ಹೆಸರಾಯಿತು. ಇಂಗ್ಲಿಷಿಗೆ ಬಂದದ್ದು 19ನೇ ಶತಮಾನದಲ್ಲಿ. ನಮ್ಮ ಎಡಪಂಥ, ಬಲಪಂಥ ಕೂಡ ಅಲ್ಲಿಂದಲೇ.

"ದಿ ಲೆಫ್ಟ್ ಹ್ಯಾಂಡ್ ಡಸಂಟ್ ನೋ ವಾಟ್ ದಿ ರೈಟ್ ಹ್ಯಾಂಡ್ ಈಸ್ ಡೂಯಿಂಗ್" ಅಂತ ಮೇಲ್ ಬಂತು. ದಾನದ ಬಗ್ಗೆ ಹೊಗಳ್ತಿದ್ದಾರೆ ಅಂದುಕೊಂಡೆ. ತಪ್ಪಾ?

ಮೂಲದಲ್ಲಿ ನೀವು ಅಂದುಕೊಂಡದ್ದೇ ಸರಿ. ಬೈಬಲ್ಲಿನ ಮತ್ತಾಯನ ಸುವಾರ್ತೆ 6ನೇ ಅಧ್ಯಾಯದಲ್ಲಿ, ದಾನ ಕೊಡುವಾಗ ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಅನ್ನುವ ಮಾತಿದೆ. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ನಮ್ಮ ಅಜ್ಜಿಯಂದಿರೂ ಹೇಳುತ್ತಾರೆ, ಅದೇ ಅರ್ಥದಲ್ಲಿ. ಇಂಗ್ಲಿಷಿನಲ್ಲಿ ಈಗ ಅದು ಪೂರ್ತಿ ಬೇರೆಯಾಗಿದೆ. ಒಂದೇ ಆಫೀಸಿನಲ್ಲಿ ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಹೊಂದಾಣಿಕೆ ಇಲ್ಲ ಅಂತ ದೂರುವ ಮಾತು. ನಿಮಗೆ ಬಂದದ್ದು ದೂರೇ ಇರಬೇಕು, ಮೇಲ್ ಇನ್ನೊಮ್ಮೆ ಓದಿ.

ಹಳೇ ಕಾದಂಬರಿಯಲ್ಲಿ "ಲೆಫ್ಟ್ ಹ್ಯಾಂಡೆಡ್ ಮ್ಯಾರೇಜ್" ಅಂತ ಇತ್ತು. ಎಡಗೈಯವರ ಮದುವೆನಾ?

ರಾಜಮನೆತನದವರು ತಮಗಿಂತ ಕೆಳಗಿನ ಅಂತಸ್ತಿನವರನ್ನು ಮದುವೆಯಾಗುವುದಕ್ಕೆ ಹಾಗೆ ಹೇಳುತ್ತಿದ್ದರು. ಜರ್ಮನ್ ಸೀಮೆಗಳಲ್ಲಿ ಇಂಥ ಮದುವೆಯಲ್ಲಿ ವರ ವಧುವಿಗೆ ಎಡಗೈ ಕೊಡುತ್ತಿದ್ದ. ಮದುವೆ ಕಾನೂನಿನ ಪ್ರಕಾರ ನಿಜ. ಆದರೆ ಹೆಂಡತಿಗೆ ಗಂಡನ ಪದವಿ ಇಲ್ಲ, ಮಕ್ಕಳಿಗೆ ಸಿಂಹಾಸನ ಇಲ್ಲ. ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡ್ 1900ರಲ್ಲಿ ಸೋಫಿಯನ್ನು ಮದುವೆಯಾದದ್ದು ಇದೇ ಕಟ್ಟಲೆಯ ಮೇಲೆ, ಮಕ್ಕಳಿಗೆ ಪಟ್ಟದ ಹಕ್ಕಿಲ್ಲ ಅಂತ ಒಪ್ಪಿಕೊಂಡು. 1914ರಲ್ಲಿ ಸರಾಯೆವೊದಲ್ಲಿ ಗುಂಡಿಗೆ ಬಲಿಯಾದ ದಂಪತಿ ಇವರೇ.

ಬ್ರಿಟಿಷರ ಕಾಲದ ಇಂಗ್ಲಿಷ್ ಪುಸ್ತಕದಲ್ಲಿ "ಲೆಫ್ಟ್ ಹ್ಯಾಂಡ್ ಕಾಸ್ಟ್ಸ್" ಅಂತ ಓದಿದೆ. ಇದು ನಮ್ಮ ಎಡಗೈ, ಬಲಗೈ ಪಂಗಡನಾ?

ಹೌದು. ಇಲ್ಲಿ ಯಾರು ಯಾವ ಕೈಯಲ್ಲಿ ಬರೆಯುತ್ತಾರೆ ಅನ್ನುವುದಕ್ಕೆ ಸಂಬಂಧವೇ ಇಲ್ಲ. ದಕ್ಷಿಣ ಭಾರತದಲ್ಲಿ ಜಾತಿಗಳನ್ನು ಎಡಗೈ, ಬಲಗೈ ಅಂತ ಎರಡು ಕೂಟ ಮಾಡಿದ್ದರು. ಮೈಸೂರು ಸೀಮೆಯಲ್ಲಿ ಬಲಗೈಗೆ 18 ಪಣ, ಎಡಗೈಗೆ 9 ಪಣ ಅನ್ನುತ್ತಿದ್ದರು. ಯಾರ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬಹುದು ಅನ್ನುವಂಥ ವಿಷಯಕ್ಕೆ ದೊಡ್ಡ ಜಗಳಗಳೇ ಆಗುತ್ತಿದ್ದವು. 1707ರಲ್ಲಿ ಮದ್ರಾಸಿನಲ್ಲಿ ಗಲಾಟೆ ಜೋರಾಗಿ, ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಥಾಮಸ್ ಪಿಟ್ ಮಧ್ಯೆ ಬರಬೇಕಾಯಿತು. ಕಂಪನಿಯ ದಾಖಲೆಗಳಿಂದ ಈ ಮಾತು ಇಂಗ್ಲಿಷ್ ಪುಸ್ತಕಗಳಿಗೆ ಹೋಯಿತು. ಇವತ್ತು ನಮ್ಮ ರಾಜ್ಯದಲ್ಲಿ ಒಳಮೀಸಲಾತಿಯ ಮಾತು ಬಂದಾಗ ಕೇಳುವ ಎಡಗೈ, ಬಲಗೈ ಆ ಹಳೆಯ ವಿಂಗಡಣೆಯ ಮುಂದುವರಿಕೆಯೇ. ಇಂಗ್ಲಿಷಿಗೆ ಅನುವಾದ ಮಾಡುವವರು ಒಂದು ಸಾಲಿನ ವಿವರಣೆ ಸೇರಿಸದಿದ್ದರೆ ಹೊರಗಿನವರು ಖಂಡಿತ ತಪ್ಪು ತಿಳಿಯುತ್ತಾರೆ.

### ಇನ್ನೂ ಆಳಕ್ಕೆ ಹೋಗುವವರಿಗೆ

ಎಡಗೈ ಬಗ್ಗೆ ಒಂದಾದರೂ ಒಳ್ಳೇ ಮಾತು ಇರಲಿಲ್ವಾ ಇಂಗ್ಲಿಷ್‌ನಲ್ಲಿ?

ಇತ್ತು, ಈಗ ಸತ್ತುಹೋಗಿದೆ. 'ಲೆಫ್ಟ್' ಬರುವ ಮುಂಚೆ ಹಳೆಯ ಇಂಗ್ಲಿಷಿನಲ್ಲಿ ಎಡಕ್ಕೆ 'ವಿನ್‌ಸ್ಟ್ರೆ' ಅನ್ನುತ್ತಿದ್ದರು. ಮೂಲದಲ್ಲಿ 'ಹೆಚ್ಚು ಸ್ನೇಹದ್ದು' ಅಂತ ಅರ್ಥ. ಪ್ರೀತಿಯಿಂದ ಇಟ್ಟ ಹೆಸರು ಅಂದುಕೊಳ್ಳಬೇಡಿ. ಭಯ ಹುಟ್ಟಿಸುವುದನ್ನು ಒಳ್ಳೆಯ ಹೆಸರಿನಿಂದ ಕರೆಯುವ ರೂಢಿ ಎಲ್ಲ ಕಡೆ ಇದೆ. ಸಿಡುಬನ್ನು ನಾವು 'ಅಮ್ಮ' ಅನ್ನುತ್ತಿದ್ದೆವಲ್ಲ, ಹಾಗೆ. ಗ್ರೀಕರೂ ಎಡಕ್ಕೆ 'ಒಳ್ಳೆಯ ಹೆಸರಿನದ್ದು' ಎಂಬ ಅರ್ಥದ ಮಾತು ಬಳಸಿದರು.

ನಿಜವಾದ ಹೊಗಳಿಕೆ ಬೇಕಾದರೆ ಬೈಬಲ್ಲಿನ ನ್ಯಾಯಸ್ಥಾಪಕರ ಪುಸ್ತಕ ನೋಡಿ. ಬೆನ್ಯಾಮೀನನ ಕುಲದಲ್ಲಿ 700 ಮಂದಿ ಎಡಗೈ ಕವಣೆಗಾರರಿದ್ದರು, ಕೂದಲೆಳೆಗೆ ಗುರಿ ಇಟ್ಟರೂ ತಪ್ಪುತ್ತಿರಲಿಲ್ಲ ಅಂತ ಅಲ್ಲಿದೆ. ತಮಾಷೆ ಅಂದರೆ ಬೆನ್ಯಾಮೀನ್ ಎಂಬ ಹೆಸರಿಗೆ ಹೀಬ್ರೂವಿನಲ್ಲಿ ಬಲಗೈಯ ಮಗ ಅಂತ ಅರ್ಥ. ನನ್ನ ಎಡಗೈ ವಿದ್ಯಾರ್ಥಿಗಳಿಗೆ ಇದನ್ನು ಹೇಳದೆ ಬಿಟ್ಟದ್ದೇ ಇಲ್ಲ.

ಇಷ್ಟೆಲ್ಲ ಅವಮಾನ ಇದ್ರೆ ಈ ಪದಗಳನ್ನ ಬಳಸೋದೇ ಬಿಡಬೇಕಾ?

ಎಲ್ಲವನ್ನೂ ಬಿಡಬೇಕಿಲ್ಲ. 'ಸಿನಿಸ್ಟರ್', 'ಗೋಶ್' ಕೇಳಿದಾಗ ಇವತ್ತು ಯಾರಿಗೂ ಕೈ ನೆನಪಾಗುವುದಿಲ್ಲ, ಅವುಗಳ ಪಾಡಿಗೆ ಅವು ಇರಲಿ. ಕೈ ಕಣ್ಣಿಗೆ ಕಾಣುವ ಹಾಗಿರುವ ಮಾತುಗಳನ್ನು ನಾನು ಬಳಸುವುದಿಲ್ಲ. ಕೆಲಸ ಕೆಟ್ಟಿದ್ದಕ್ಕೆ 'ಲೆಫ್ಟ್ ಹ್ಯಾಂಡೆಡ್' ಅನ್ನುವುದು, 'ಕ್ಯಾಕ್ ಹ್ಯಾಂಡೆಡ್' ಅನ್ನುವುದು ಬೇಡ. ಅದಕ್ಕೆ 'ಕ್ಲಮ್ಸಿ' ಇದೆ. 'ರೈಟ್ ಹ್ಯಾಂಡ್ ಮ್ಯಾನ್' ಪರವಾಗಿಲ್ಲ, ನಮ್ಮಲ್ಲೂ ಬಲಗೈ ಬಂಟ ಅಂತ ಇದೆ. ಇದು ನನ್ನ ಅಭಿಪ್ರಾಯ, ವ್ಯಾಕರಣದ ನಿಯಮ ಅಲ್ಲ.

ವಿಜ್ಞಾನದ ಪುಸ್ತಕದಲ್ಲಿ ಲೆಫ್ಟ್ ಹ್ಯಾಂಡೆಡ್ ಸ್ಕ್ರೂ, ಲೆಫ್ಟ್ ಹ್ಯಾಂಡೆಡ್ ಅಮೈನೋ ಆಸಿಡ್ ಅಂತ ಬರುತ್ತೆ. ಅಲ್ಲೂ ಕೆಟ್ಟದ್ದು ಅಂತಾನಾ?

ಅಲ್ಲಿ ಅದು ಬರೀ ದಿಕ್ಕು. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಸೈಕಲ್ಲಿನ ಎಡ ಪೆಡಲ್ ಬಿಚ್ಚಿ ನೋಡಿ. ಉಳಿದ ನಟ್ಟುಗಳ ಹಾಗೆ ತಿರುಗಿಸಿದರೆ ಬಿಚ್ಚುವುದಿಲ್ಲ, ಇನ್ನೂ ಬಿಗಿಯಾಗುತ್ತದೆ. ಅದು ಲೆಫ್ಟ್ ಹ್ಯಾಂಡ್ ಥ್ರೆಡ್, ನಮ್ಮ ಸೈಕಲ್ ಶಾಪಿನವರ ಮಾತಲ್ಲಿ ಉಲ್ಟಾ ಥ್ರೆಡ್. ಸಾಮಾನ್ಯ ಥ್ರೆಡ್ ಹಾಕಿದರೆ ತುಳಿಯುತ್ತಾ ತುಳಿಯುತ್ತಾ ಆ ಬದಿಯ ಪೆಡಲ್ ತಾನೇ ಸಡಿಲವಾಗುತ್ತಿತ್ತು. ವೆಲ್ಡಿಂಗ್ ಅಂಗಡಿಯ ಅಸಿಟಿಲೀನ್ ಸಿಲಿಂಡರಿಗೂ ಎಡ ಥ್ರೆಡ್, ಆಕ್ಸಿಜನ್‌ಗೆ ಬಲ ಥ್ರೆಡ್. ಒಂದರ ಪೈಪು ಇನ್ನೊಂದಕ್ಕೆ ಕೂರಲೇಬಾರದು ಅಂತ. ಅಲ್ಲಿ ಎಡ ಜೀವ ಉಳಿಸುತ್ತದೆ.

ಅಣುಗಳಲ್ಲೂ ಕೈ ಇದೆ ಅಂತ ತೋರಿಸಿದ್ದು ಲೂಯಿ ಪಾಶ್ಚರ್. 1848ರಲ್ಲಿ ಅವರು ಒಂದೇ ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಚಿಮಟದಿಂದ ಒಂದೊಂದೇ ಆರಿಸಿ, ಕನ್ನಡಿಯ ಬಿಂಬದ ಹಾಗಿದ್ದ ಎರಡು ಗುಂಪು ಮಾಡಿದರು. ಜೀವಿಗಳ ಪ್ರೋಟೀನು ಕಟ್ಟಿರುವುದು ಹೆಚ್ಚುಕಮ್ಮಿ ಪೂರ್ತಿ 'ಎಡಗೈ' ಅಮೈನೋ ಆಮ್ಲಗಳಿಂದಲೇ. ನಾವೆಲ್ಲ ಅಷ್ಟರ ಮಟ್ಟಿಗೆ ಎಡಗೈಯವರೇ.

ನಾವು ಬಲಮುರಿ ಶಂಖ ಅನ್ನೋದನ್ನ ಇಂಗ್ಲಿಷ್ ವೆಬ್‌ಸೈಟ್‌ನಲ್ಲಿ ಲೆಫ್ಟ್ ಹ್ಯಾಂಡೆಡ್ ಶೆಲ್ ಅಂತ ಹಾಕಿದ್ದಾರೆ. ಅನುವಾದ ತಪ್ಪಾ?

ಇದು ಅನುವಾದಕರನ್ನು ಕಾಡುವ ಪ್ರಶ್ನೆ. ಅವರು ಬರೆದದ್ದು ಸರಿ, ನಾವು ಹೇಳುವುದೂ ಸರಿ. ಪ್ರಾಣಿಶಾಸ್ತ್ರದವರು ಶಂಖದ ಸುರುಳಿ ತುದಿಯನ್ನು ಮೇಲಕ್ಕಿಟ್ಟು, ಬಾಯಿಯನ್ನು ತಮ್ಮ ಕಡೆ ತಿರುಗಿಸಿ ನೋಡುತ್ತಾರೆ. ಬಾಯಿ ಬಲಕ್ಕೆ ಬಂದರೆ 'ಡೆಕ್ಸ್‌ಟ್ರಲ್', ಎಡಕ್ಕೆ ಬಂದರೆ 'ಸಿನಿಸ್ಟ್ರಲ್'. ನಮ್ಮ ಸಂಪ್ರದಾಯದಲ್ಲಿ ಶಂಖ ಹಿಡಿಯುವುದು ತಲೆಕೆಳಗು, ನೀರು ಸುರಿಯುವ ಮೂತಿ ಮೇಲಕ್ಕೆ. ಹಾಗಾಗಿ ಅವರ ಎಡ ನಮಗೆ ಬಲ. ಸಮುದ್ರದಲ್ಲಿ ಸಿಗುವ ಶಂಖಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಡೆಕ್ಸ್‌ಟ್ರಲ್, ನಮ್ಮ ಲೆಕ್ಕದಲ್ಲಿ ಎಡಮುರಿ. ಸಿನಿಸ್ಟ್ರಲ್ ತೀರಾ ಅಪರೂಪ. ಅಪರೂಪ ಅಂತಲೇ ಬಲಮುರಿಗೆ ಅಷ್ಟು ಬೆಲೆ, ಪೂಜೆ.

ಇಂಗ್ಲಿಷಿನಲ್ಲಿ ಬರೆಯುವಾಗ 'ಬಲಮುರಿ' ಅಥವಾ 'ದಕ್ಷಿಣಾವರ್ತಿ' ಅನ್ನುವ ಹೆಸರನ್ನು ಹಾಗೇ ಇಡಿ, ಪಕ್ಕದಲ್ಲಿ 'ಸಿನಿಸ್ಟ್ರಲ್' ಅಂತ ಸೇರಿಸಿ, ಹಿಡಿಯುವ ರೀತಿ ಬೇರೆ ಅಂತ ಒಂದು ಸಾಲು ಬರೆಯಿರಿ. 'ರೈಟ್ ಹ್ಯಾಂಡೆಡ್ ಶೆಲ್' ಅಂತ ಅನುವಾದ ಮಾಡಿದರೆ, ಓದಿದವರು ಸಾಮಾನ್ಯ ಶಂಖವನ್ನೇ ದುಬಾರಿ ಬೆಲೆಗೆ ಕೊಂಡು ಮೋಸ ಹೋಗಬಹುದು.